ವಿದೇಶಿ ಬ್ರೀಡರ್ ಕೊಡುವ ಹೆಲ್ತ್ ಗ್ಯಾರಂಟಿ: ಯಾವ ಷರತ್ತು ಒಪ್ಪಬಹುದು, ಯಾವುದನ್ನು ತಿದ್ದಿಸಬೇಕು?

ಚಿನ್ನರೋಮ (ಪ್ರಶ್ನೆ)

ಗೋಲ್ಡನ್ ರಿಟ್ರೀವರ್ ಹೆಣ್ಣು ಮರಿ, ಬ್ರೀಡರ್ ಹೊರದೇಶದವರು. ಮುಂಗಡಕ್ಕೆ ಮೊದಲು ಎರಡು ಪುಟದ ಒಪ್ಪಂದ ಕಳಿಸಿದ್ದಾರೆ. ಸಾರಾಂಶ ಇದು:

1. ಮರಿ ವಿಮಾನ ಹತ್ತಿದ 72 ಗಂಟೆಯೊಳಗೆ ಪಶುವೈದ್ಯರಿಗೆ ತೋರಿಸಬೇಕು. ತಪ್ಪಿದರೆ ಗ್ಯಾರಂಟಿ ರದ್ದು.
2. "ಬದುಕಿಗೆ ತೊಡಕಾಗುವ ಆನುವಂಶಿಕ ದೋಷ"ಗಳಿಗೆ 12 ತಿಂಗಳ ಗ್ಯಾರಂಟಿ.
3. ದೋಷ ಕಂಡರೆ ನಾಯಿಯನ್ನು ವಾಪಸ್ ಕಳಿಸಬೇಕು, ಸಾಗಣೆ ಖರ್ಚು ಕೊಂಡವರದು. ಬದಲಿಗೆ ಮುಂದಿನ ಸೂಲಿನ ಮರಿ. ಹಣ ವಾಪಸ್ ಇಲ್ಲ.
4. ತಂದೆ ತಾಯಿ ಎರಡೂ "ವೆಟ್ ಚೆಕ್ಡ್, ಡಿಎನ್‌ಎ ಕ್ಲಿಯರ್".
5. ಅವರು ಹೇಳಿದ ಕಂಪನಿಯ ಸಪ್ಲಿಮೆಂಟ್ ಒಂದು ವರ್ಷ ಬಿಡದೆ ಕೊಡಬೇಕು.
6. ತಕರಾರು ಬಂದರೆ ಬ್ರೀಡರ್ ಊರಿನ ಕೋರ್ಟಿನಲ್ಲೇ ಇತ್ಯರ್ಥ.

ಮುಂಗಡ 30%, ಬ್ಯಾಂಕ್ ವರ್ಗಾವಣೆ ಮೂಲಕ. ಸೊಂಟದ ಎಕ್ಸ್‌ರೇ ವರದಿ ಕೇಳಿದ್ದಕ್ಕೆ ತಾಯಿಯದು ಯುರೋಪಿನ "ಎಚ್‌ಡಿ-ಬಿ", ತಂದೆಯದು ಅಮೆರಿಕದ ಓಎಫ್‌ಎ (ನಾಯಿಗಳ ಕೀಲಿನ ಎಕ್ಸ್‌ರೇಗೆ ದರ್ಜೆ ಕೊಡುವ ಸಂಸ್ಥೆ) "ಪ್ರಿಲಿಮಿನರಿ ಗುಡ್, 14 ತಿಂಗಳು" ಎಂದು ಉತ್ತರ ಬಂತು. ಇವುಗಳಲ್ಲಿ ಯಾವುದಕ್ಕೆ ಪಟ್ಟು ಹಿಡಿಯಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತದೆ? ಮುಂಗಡಕ್ಕೆ ಮೊದಲು ಯಾವ ಕಾಗದ ಕೈಗೆ ಬಂದಿರಬೇಕು?

---

ಕೀಲುಗಂಟು

ನಾಲ್ಕನೆಯ ಷರತ್ತಿನಿಂದ ಶುರು ಮಾಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ.

"ವೆಟ್ ಚೆಕ್ಡ್" ಎಂದರೆ ಸ್ಟೆತಾಸ್ಕೋಪ್ ಇಟ್ಟು, ಬಾಯಿ ಕಿವಿ ನೋಡಿ, ಆರೋಗ್ಯವಾಗಿದೆ ಎಂದು ಬರೆದುಕೊಟ್ಟಿದ್ದಾರೆ ಅಂತಷ್ಟೇ ಅರ್ಥ. ಸೊಂಟದ ಕೀಲಿನ ಬಗ್ಗೆ ಅದು ಏನೂ ಹೇಳುವುದಿಲ್ಲ. "ಡಿಎನ್‌ಎ ಕ್ಲಿಯರ್" ಕೂಡ ಹೇಳುವುದಿಲ್ಲ. ಹಿಪ್ ಡಿಸ್‌ಪ್ಲೇಸಿಯಾ (ಸೊಂಟದ ಕೀಲು ಸರಿಯಾಗಿ ಕೂರದ ದೋಷ, ಪತ್ರಗಳಲ್ಲಿ "ಎಚ್‌ಡಿ") ಒಂದೇ ಜೀನ್‌ನಿಂದ ಬರುವ ರೋಗವಲ್ಲ. ಹಲವು ಜೀನ್‌ಗಳ ಜೊತೆಗೆ ಬೆಳವಣಿಗೆಯ ವೇಗ, ತೂಕ, ಆಹಾರ ಎಲ್ಲ ಸೇರಿ ಆಗುವಂಥದ್ದು. ಹಾಗಾಗಿ ಎಕ್ಸ್‌ರೇಗೆ ಬದಲಿಯಾಗುವ ಡಿಎನ್‌ಎ ಪರೀಕ್ಷೆ ಇಲ್ಲ.

ಗೋಲ್ಡನ್‌ಗೆ ಕೇಳಬೇಕಾದವು ನಾಲ್ಕು: ಸೊಂಟ, ಮೊಣಕೈ, ಹೃದಯ, ಕಣ್ಣು. ತಂದೆ ತಾಯಿ ಎರಡರದೂ ಬೇಕು.

ಸೊಂಟ: ಓಎಫ್‌ಎ ಅಂತಿಮ ಪ್ರಮಾಣಪತ್ರ ಕೊಡುವುದು 24 ತಿಂಗಳು ತುಂಬಿದ ಮೇಲೆ. ಅದಕ್ಕೂ ಮೊದಲಿನದೆಲ್ಲ "ಪ್ರಿಲಿಮಿನರಿ". ಎಕ್ಸಲೆಂಟ್, ಗುಡ್, ಫೇರ್ ಈ ಮೂರು ಪಾಸ್. ಆಮೇಲೆ ಬಾರ್ಡರ್‌ಲೈನ್, ಮೈಲ್ಡ್, ಮಾಡರೇಟ್, ಸಿವಿಯರ್. ಯುರೋಪಿನಲ್ಲಿ ಬಳಸುವ ಎಫ್‌ಸಿಐ (ಅಂತರರಾಷ್ಟ್ರೀಯ ಶ್ವಾನ ಒಕ್ಕೂಟ) ಪದ್ಧತಿಯಲ್ಲಿ ಎ ಇಂದ ಇ ವರೆಗೆ ಐದು ದರ್ಜೆ, ಕನಿಷ್ಠ ವಯಸ್ಸು 12 ತಿಂಗಳು, ದೈತ್ಯ ತಳಿಗಳಿಗೆ 18. "ಬಿ" ಎಂದರೆ ಬಹುತೇಕ ಸರಿ, ಸಿ ಇಂದ ರೋಗ. ಓಎಫ್‌ಎ ಲೆಕ್ಕಕ್ಕೆ ಇಳಿಸಿದರೆ ಬಿ-1 ಫೇರ್‌ಗೂ ಬಿ-2 ಬಾರ್ಡರ್‌ಲೈನ್‌ಗೂ ಸಮ. ಬರೀ "ಎಚ್‌ಡಿ-ಬಿ" ಎಂದು ಹೇಳಿದ್ದಾರೆ, ಒಳದರ್ಜೆ ಬರೆದಿದೆಯೇ ಎಂದು ಮೂಲ ಪತ್ರ ತರಿಸಿ ನೋಡಿ. ಬ್ರಿಟನ್ನಿನ ವರದಿ ಎದುರಾದರೆ ಅಲ್ಲಿ ಒಂದೊಂದು ಕೀಲಿಗೆ 0ರಿಂದ 53, ಎರಡೂ ಸೇರಿ 106. ಕಡಿಮೆ ಇದ್ದಷ್ಟೂ ಒಳ್ಳೆಯದು. ಒಟ್ಟು ಅಂಕ ಮಾತ್ರ ನೋಡಬೇಡಿ. 2+14 ಮತ್ತು 8+8 ಎರಡರ ಮೊತ್ತವೂ 16, ಆದರೆ ಮೊದಲನೆಯದರಲ್ಲಿ ಒಂದು ಕೀಲು ಕೆಟ್ಟಿದೆ.

ಓಎಫ್‌ಎ ಸಂಖ್ಯೆಯನ್ನು ಓದಲು ಕಲಿಯಿರಿ. ಜಿಆರ್ ಎಂದರೆ ಗೋಲ್ಡನ್, ನಂತರ ಕ್ರಮಸಂಖ್ಯೆ, ನಂತರ ದರ್ಜೆಯ ಅಕ್ಷರ (ಇ, ಜಿ ಅಥವಾ ಎಫ್), ನಂತರ ಎಕ್ಸ್‌ರೇ ತೆಗೆದಾಗಿನ ವಯಸ್ಸು ತಿಂಗಳಲ್ಲಿ, ನಂತರ ಲಿಂಗ, ಕೊನೆಯಲ್ಲಿ ವಿಪಿಐ. ಆ ವಿಪಿಐ ಇದ್ದರೆ ಎಕ್ಸ್‌ರೇ ತೆಗೆಯುವಾಗ ಮೈಕ್ರೋಚಿಪ್ ಅಥವಾ ಹಚ್ಚೆಯನ್ನು ಪಶುವೈದ್ಯರೇ ಓದಿ ತಾಳೆ ನೋಡಿದ್ದಾರೆ ಎಂದರ್ಥ. ಅದಿಲ್ಲದಿದ್ದರೆ ಬೇರೆ ನಾಯಿಯ ಎಕ್ಸ್‌ರೇ ಇರಬಹುದೆಂಬ ಅನುಮಾನ ಉಳಿಯುತ್ತದೆ. ಸಂಖ್ಯೆಯನ್ನು ಓಎಫ್‌ಎ ಜಾಲತಾಣದಲ್ಲಿ ನೀವೇ ಹುಡುಕಿ, ಬ್ರೀಡರ್ ಕಳಿಸಿದ ಸ್ಕ್ರೀನ್‌ಶಾಟ್ ನಂಬಬೇಡಿ. ಒಂದು ಸೂಕ್ಷ್ಮ: ಮಾಲೀಕರು ಒಪ್ಪಿ ಸಹಿ ಹಾಕದಿದ್ದರೆ ಫೇಲ್ ಆದ ಫಲಿತಾಂಶ ಅಲ್ಲಿ ಪ್ರಕಟವಾಗುವುದಿಲ್ಲ. ಆದ್ದರಿಂದ "ಎಕ್ಸ್‌ರೇ ಮಾಡಿಸಿದ್ದೇವೆ" ಎನ್ನುತ್ತಾರೆ ಆದರೆ ದಾಖಲೆ ಕಾಣುತ್ತಿಲ್ಲ ಎಂದರೆ ಆ ಖಾಲಿ ಜಾಗವೇ ಉತ್ತರ. ಅದೇ ಪುಟದಲ್ಲಿ ಒಡಹುಟ್ಟಿದವು, ಹಿಂದಿನ ಸೂಲಿನ ಮರಿಗಳ ಫಲಿತಾಂಶವೂ ಸಿಗುತ್ತದೆ. ತಂದೆ ಒಂದರ "ಗುಡ್"ಗಿಂತ ಆರು ಒಡಹುಟ್ಟುಗಳಲ್ಲಿ ಐದು ಪಾಸ್ ಎಂಬುದು ಹೆಚ್ಚು ತೂಕದ ಮಾಹಿತಿ.

ಮೊಣಕೈ: ದರ್ಜೆ 0 (ದೋಷವಿಲ್ಲ) ಬಿಟ್ಟು ಬೇರೇನೂ ಬೇಡ.

ಹೃದಯ: ಈ ತಳಿಯಲ್ಲಿ ಮಹಾಪಧಮನಿಯ ಕವಾಟದ ಕೆಳಗೆ ದಾರಿ ಕಿರಿದಾಗುವ ತೊಂದರೆ, ಅಂದರೆ ಸಬ್‌ಏಯಾರ್ಟಿಕ್ ಸ್ಟೆನೋಸಿಸ್, ಇದೆ. ಪರೀಕ್ಷೆ ಮಾಡಿದವರು ಹೃದ್ರೋಗ ತಜ್ಞ ಪಶುವೈದ್ಯರಾಗಿರಬೇಕು, ನಾಯಿಗೆ 12 ತಿಂಗಳು ದಾಟಿರಬೇಕು.

ಕಣ್ಣು: ಇದು ಒಮ್ಮೆ ಮಾಡಿಸಿ ಮರೆಯುವ ಪರೀಕ್ಷೆಯಲ್ಲ. ಪಿಗ್ಮೆಂಟರಿ ಯುವಿಯೈಟಿಸ್ ಎಂಬ ಕಣ್ಣಿನೊಳಗಿನ ಕಾಯಿಲೆ ಗೋಲ್ಡನ್‌ಗಳಲ್ಲಿ ನಡುವಯಸ್ಸಿನ ನಂತರ ಕಾಣಿಸಿಕೊಳ್ಳುತ್ತದೆ. ವರ್ಷಕ್ಕಿಂತ ಹಳೆಯ ಕಣ್ಣಿನ ಪತ್ರಕ್ಕೆ ಬೆಲೆ ಇಲ್ಲ.

ಡಿಎನ್‌ಎಯಿಂದ ತಿಳಿಯುವುದು ಒಂಟಿ ಜೀನ್ ರೋಗಗಳು: ಮೆಲ್ಲಗೆ ಕುರುಡಾಗಿಸುವ ಪಿಆರ್‌ಎಯ ಮೂರು ಬಗೆ (ಪಿಆರ್‌ಸಿಡಿ, ಜಿಆರ್1, ಜಿಆರ್2), ಚರ್ಮದ ಇಕ್ತಿಯೋಸಿಸ್, ನರಗಳ ಎನ್‌ಸಿಎಲ್. ಇವು ರಿಸೆಸಿವ್, ಅಂದರೆ ದೋಷದ ಜೀನ್ ತಂದೆ ತಾಯಿ ಎರಡರಿಂದಲೂ ಬಂದರೆ ಮಾತ್ರ ರೋಗ. ಒಂದು ಪಾಲಕ "ಕ್ಯಾರಿಯರ್" (ದೋಷದ ಒಂದು ಪ್ರತಿ ಹೊತ್ತದ್ದು), ಇನ್ನೊಂದು "ಕ್ಲಿಯರ್" ಇದ್ದರೆ ಮರಿಗೆ ರೋಗ ಬರುವುದಿಲ್ಲ. ಕ್ಯಾರಿಯರ್ ಎಂಬ ಪದ ಕಂಡೊಡನೆ ಒಳ್ಳೆಯ ಸೂಲನ್ನು ಕೈಬಿಡುವವರು ಬಹಳ, ಅದು ಅನಗತ್ಯ. "ಪಾಲಕರಿಂದ ಕ್ಲಿಯರ್" (ಪರೀಕ್ಷೆ ಮಾಡದೆ, ತಂದೆ ತಾಯಿ ಕ್ಲಿಯರ್ ಇದ್ದುದರಿಂದ ಕ್ಲಿಯರ್) ಎಂದು ಬರೆದಿದ್ದರೆ ಮಾತ್ರ ಎಷ್ಟು ತಲೆಮಾರಿನ ಹಿಂದೆ ನಿಜವಾದ ಪರೀಕ್ಷೆ ನಡೆದಿತ್ತು ಎಂದು ಕೇಳಿ.

---

ಷರಾ_ಓದುಗ

ಒಪ್ಪಂದದ ಭಾಷೆಗೆ ಬರೋಣ. ನಿಮ್ಮ ಕರಡಿನಲ್ಲಿ ಅತ್ಯಂತ ಅಪಾಯಕಾರಿ ಮೂರನೆಯದು. ಸಾಕಿ ಒಂದು ವರ್ಷವಾದ ನಾಯಿಯನ್ನು ಸಮುದ್ರದಾಚೆ ವಾಪಸ್ ಕಳಿಸುವವರು ಯಾರೂ ಇಲ್ಲ ಎಂಬುದು ಬರೆದವರಿಗೆ ಗೊತ್ತು. ವಾಪಸಾದ ನಾಯಿಯ ಗತಿ ಏನೆಂಬುದೂ ನಿಮಗೆ ತಿಳಿಯುವುದಿಲ್ಲ. ಹಾಗಾಗಿ ಇದು ಮೂಗಿಗೆ ತುಪ್ಪ ಸವರುವ ಷರತ್ತು. ಜೊತೆಗೆ ಬದಲಿ ಮರಿ ಬರುವುದು ಬಹುಶಃ ಅದೇ ಜೋಡಿಯಿಂದ, ದೋಷ ಕೊಟ್ಟ ಜೋಡಿಯಿಂದಲೇ. ಹೀಗೆ ಬರೆಸಿ: "ನಾಯಿಯನ್ನು ವಾಪಸ್ ಮಾಡುವ ಅಗತ್ಯವಿಲ್ಲದೆ, ಅಧಿಕೃತ ಸಂಸ್ಥೆಯ ವರದಿ ತಲುಪಿದ 30 ದಿನದೊಳಗೆ ಹಣ ಹಿಂತಿರುಗಿಸಲಾಗುವುದು. ಸೊಂಟ ಓಎಫ್‌ಎ ಮೈಲ್ಡ್ ಅಥವಾ ಎಫ್‌ಸಿಐ ಸಿ, ಅಥವಾ ಅದಕ್ಕಿಂತ ಕೆಟ್ಟದ್ದಾದರೆ ಬೆಲೆಯ 50%. ಶಸ್ತ್ರಚಿಕಿತ್ಸೆ ಬೇಕಾದರೆ ಅಥವಾ ದಯಾಮರಣ ಕೊಡಬೇಕಾದರೆ 100%." ಈ ಪ್ರಮಾಣ ಚೌಕಾಸಿಯ ವಿಷಯ, 40 ಆದರೂ ನಡೆಯುತ್ತದೆ. "ವಾಪಸ್ ಮಾಡುವ ಅಗತ್ಯವಿಲ್ಲದೆ" ಎಂಬ ಮಾತಿನಲ್ಲಿ ಮಾತ್ರ ರಾಜಿ ಬೇಡ.

ಎರಡನೆಯದರಲ್ಲಿ ಎರಡು ಬಿಲ. "ಬದುಕಿಗೆ ತೊಡಕಾಗುವ" ಎಂಬುದನ್ನು ಅಳೆಯಲು ಆಗುವುದಿಲ್ಲ. ಕುಂಟುತ್ತಿರುವ ನಾಯಿ ಕೂಡ ಬದುಕುತ್ತಲೇ ಇದೆಯಲ್ಲ ಎಂದು ವಾದಿಸಬಹುದು. ಅದಕ್ಕೇ ದರ್ಜೆಯ ಹೆಸರು ಹಿಡಿದು ಬರೆಸುವುದು. ಇನ್ನೊಂದು ಅವಧಿ. ಅಂತಿಮ ಎಕ್ಸ್‌ರೇ ಸಾಧ್ಯವಾಗುವುದೇ 24 ತಿಂಗಳಿಗೆ ಎಂದಾದಾಗ 12 ತಿಂಗಳ ಗ್ಯಾರಂಟಿ ಪರೀಕ್ಷೆಗೂ ಮೊದಲೇ ಸತ್ತಿರುತ್ತದೆ. 26 ತಿಂಗಳು ಕೇಳಿ: 24ಕ್ಕೆ ಎಕ್ಸ್‌ರೇ, ಫಲಿತಾಂಶ ಬರಲು, ಪತ್ರ ಕಳಿಸಲು ಎರಡು ತಿಂಗಳು. ಹೊರದೇಶದಿಂದಲೂ ಓಎಫ್‌ಎಗೆ ಡಿಜಿಟಲ್ ಎಕ್ಸ್‌ರೇ ಕಳಿಸಬಹುದು. ನಾಯಿ ಬೆನ್ನ ಮೇಲೆ ಮಲಗಿ ಹಿಂಗಾಲು ನೀಟಾಗಿ ಚಾಚಿರಬೇಕು, ಸೊಂಟ ಓರೆಯಾಗಿರಬಾರದು, ಚಿಪ್ ಸಂಖ್ಯೆ ಚಿತ್ರದ ಮೇಲೇ ಅಚ್ಚಾಗಿರಬೇಕು. ಕಣ್ಣು, ಹೃದಯಕ್ಕೂ ಇದೇ ಅವಧಿ ಕೇಳಿ ನೋಡಿ.

ಐದನೆಯದು, ಸಪ್ಲಿಮೆಂಟ್. ಡಿಸ್‌ಪ್ಲೇಸಿಯಾ ತಡೆಯುತ್ತದೆ ಎಂದು ಸಾಬೀತಾದ ಮಾತ್ರೆ ಯಾವುದೂ ಇಲ್ಲ. ಒಂದು ತಿಂಗಳ ಬಿಲ್ ಕಾಣೆಯಾದರೂ ಸಾಕು, ಗ್ಯಾರಂಟಿ ಹಾರಿಹೋಯಿತು. ಷರತ್ತು ಹಾಕುವ ಉದ್ದೇಶವೇ ಅದು. ಹೊಡೆದುಹಾಕಿಸಿ. ತೂಕದ ಷರತ್ತು ಬಂದರೆ ಒಪ್ಪಿಕೊಳ್ಳಿ, ಅದು ನ್ಯಾಯ. ಬೊಜ್ಜು ಕೀಲನ್ನು ನಿಜಕ್ಕೂ ಕೆಡಿಸುತ್ತದೆ. ಆರು ತಿಂಗಳಿಗೆ ಸಂತಾನಹರಣ ಕಡ್ಡಾಯ ಎಂಬ ಸಾಲು ಆಮೇಲೆ ತೂರಿಸಿದರೆ ಮಾತ್ರ ಬೇಡ ಎನ್ನಿ. ಒಂದು ವರ್ಷಕ್ಕೂ ಮೊದಲು ಮಾಡಿಸಿದ ಗೋಲ್ಡನ್‌ಗಳಲ್ಲಿ ಕೀಲಿನ ತೊಂದರೆ ಹೆಚ್ಚು ಎಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ 2013ರ ಅಧ್ಯಯನ ತೋರಿಸಿದೆ.

ಆರನೆಯದು ಕೋರ್ಟು. ಸರಕು ಮಾರಾಟದ 1980ರ ವಿಯೆನ್ನಾ ಒಪ್ಪಂದ ನೆರವಿಗೆ ಬರುತ್ತದೆ ಎಂದು ಕೆಲವರು ಬರೆಯುತ್ತಾರೆ. ಮನೆಯ ಬಳಕೆಗೆ ಕೊಂಡದ್ದನ್ನು ಅದು ಹೊರಗಿಟ್ಟಿದೆ. ಮಾರುವವರ ದೇಶದ ಕಾನೂನು ನೋಡಬೇಕು. ನ್ಯೂಯಾರ್ಕ್ ರಾಜ್ಯದಲ್ಲಿ ದೋಷ ಪತ್ತೆಯಾಗಬೇಕಾದ ಗಡುವು ಕಾಯಿಲೆಗೆ 14 ಕೆಲಸದ ದಿನ, ಹುಟ್ಟು ದೋಷಕ್ಕೆ 180 ದಿನ. ಕ್ಯಾಲಿಫೋರ್ನಿಯಾದಲ್ಲಿ 15 ದಿನ ಮತ್ತು ಒಂದು ವರ್ಷ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕು ಕಾಯ್ದೆಯಡಿ 30 ದಿನದೊಳಗೆ ತಿರಸ್ಕರಿಸುವ ಹಕ್ಕಿದೆ, ಆದರೆ ಮಾರುವವರು ವ್ಯಾಪಾರಿ ಆಗಿದ್ದರೆ ಮಾತ್ರ. ಜರ್ಮನಿಯಲ್ಲಿ ವ್ಯಾಪಾರಿಯಿಂದ ಕೊಂಡ ಪ್ರಾಣಿಯಲ್ಲಿ ಮೊದಲ ಆರು ತಿಂಗಳಲ್ಲಿ ಕಂಡ ದೋಷ ಮಾರುವಾಗಲೇ ಇತ್ತೆಂದು ಭಾವಿಸಲಾಗುತ್ತದೆ. ಹವ್ಯಾಸಿ ಬ್ರೀಡರ್ ಆದರೆ ಈ ರಕ್ಷಣೆ ಬಹುತೇಕ ಕಳಚಿಕೊಳ್ಳುತ್ತದೆ. ನಿಜ ಹೇಳಬೇಕೆಂದರೆ ಒಂದು ಮರಿಗಾಗಿ ಪರದೇಶದಲ್ಲಿ ಯಾರೂ ದಾವೆ ಹೂಡುವುದಿಲ್ಲ. ಆರನೆಯ ಷರತ್ತನ್ನು ಬಿಟ್ಟುಕೊಟ್ಟು ಅದಕ್ಕೆ ಪ್ರತಿಯಾಗಿ ಮೂರನೆಯದನ್ನು ಗಿಟ್ಟಿಸಿಕೊಳ್ಳಿ.

---

ಬಿಳಿಕೋಟು

ಮೊದಲನೆಯ ಷರತ್ತನ್ನು ಎಲ್ಲರೂ ಹಗುರವಾಗಿ ನೋಡುತ್ತಾರೆ. ಗಡಿಯಾರ ಎಲ್ಲಿಂದ ಶುರು ನೋಡಿ: "ವಿಮಾನ ಹತ್ತಿದ" ಕ್ಷಣದಿಂದ. ದಾರಿಯಲ್ಲೇ 30 ಗಂಟೆ, ಕಸ್ಟಮ್ಸ್ ಮತ್ತು ಪಶು ತಪಾಸಣೆಯಲ್ಲಿ ಇನ್ನೊಂದು ದಿನ, ನಡುವೆ ಭಾನುವಾರ ಬಂದರೆ ಮುಗಿಯಿತು. "ಕೊಂಡವರ ಕೈಗೆ ಒಪ್ಪಿಸಿದ ಸಮಯದಿಂದ 72 ಗಂಟೆ, ರಜಾದಿನ ಬಿಟ್ಟು" ಎಂದಾಗಬೇಕು.

ಅದಕ್ಕಿಂತ ದೊಡ್ಡ ತಪ್ಪು ಸೋಂಕಿನ ಲೆಕ್ಕದ್ದು. ಪಾರ್ವೊ (ಮರಿಗಳಿಗೆ ಮಾರಕವಾಗಬಲ್ಲ ಕರುಳಿನ ವೈರಸ್) ತಗುಲಿ ಲಕ್ಷಣ ಕಾಣಲು 3ರಿಂದ 14 ದಿನ. ಡಿಸ್ಟೆಂಪರ್ ಎಂಬ ಇನ್ನೊಂದು ವೈರಸ್ ಕಾಯಿಲೆಗೆ ಒಂದೆರಡು ವಾರ, ಕೆಲವೊಮ್ಮೆ ಇನ್ನೂ ತಡ. ಅಂದರೆ ಕೆನಲ್‌ನಿಂದಲೇ ಸೋಂಕು ಹೊತ್ತು ತಂದ ಮರಿ 72 ಗಂಟೆಯ ತಪಾಸಣೆಯಲ್ಲಿ ನಗುನಗುತ್ತಾ ಪಾಸಾಗುತ್ತದೆ. ತಪಾಸಣೆಗೆ 72 ಗಂಟೆ, ಸೋಂಕಿಗೆ ಪ್ರತ್ಯೇಕವಾಗಿ ಕನಿಷ್ಠ 14 ದಿನ, 21 ಸಿಕ್ಕರೆ ಒಳ್ಳೆಯದು, ಎಂದು ಎರಡು ಬೇರೆ ಸಾಲು ಬರೆಸಿ. ಆ ಅವಧಿಯಲ್ಲಿ ಮರಿಯನ್ನು ಬೇರೆ ನಾಯಿಗಳ ಜೊತೆ ಬಿಡಬೇಡಿ. ಬಿಟ್ಟರೆ ಸೋಂಕು ಇಲ್ಲಿಯದೇ ಎಂಬ ವಾದಕ್ಕೆ ನೀವೇ ದಾರಿ ಕೊಟ್ಟಂತೆ.

ಮೊದಲ ತಪಾಸಣೆಯಲ್ಲಿ ಮಾಡಿಸಬೇಕಾದವು: ಚಿಪ್ ಸ್ಕ್ಯಾನ್ ಮಾಡಿ ಸಂಖ್ಯೆಯನ್ನು ವರದಿಯ ತಲೆಯಲ್ಲೇ ಬರೆಸುವುದು, ತೂಕ, ಗುದದ ತಾಪಮಾನ (38ರಿಂದ 39.2 ಡಿಗ್ರಿ ಸಹಜ), ಮಲದ ಫ್ಲೋಟೇಶನ್ (ಹುಳದ ಮೊಟ್ಟೆ ಹುಡುಕುವ ಪರೀಕ್ಷೆ) ಜೊತೆಗೆ ಜಿಯಾರ್ಡಿಯಾ ಪರೀಕ್ಷೆ (ಪ್ರಯಾಣದ ಒತ್ತಡದಲ್ಲಿ ಜಿಯಾರ್ಡಿಯಾ, ಕಾಕ್ಸಿಡಿಯಾ ಎಂಬ ಕರುಳಿನ ಪರೋಪಜೀವಿಗಳೆರಡೂ ತಲೆ ಎತ್ತುತ್ತವೆ), ಹಲ್ಲಿನ ಕಚ್ಚುವಿಕೆ, ಹೊಕ್ಕುಳ ಹರ್ನಿಯಾ, ಮಂಡಿಚಿಪ್ಪು, ಗಂಡಾದರೆ ಎರಡೂ ಬೀಜ ಇಳಿದಿವೆಯೇ ಎಂಬುದು. ಪಾರ್ವೊ ಕಿಟ್ ಪರೀಕ್ಷೆ ಮಾಡಿಸುವುದಾದರೆ ಕೊನೆಯ ಲಸಿಕೆಯ ದಿನಾಂಕ ಹೇಳಿ. ಜೀವಂತ ಲಸಿಕೆ ಹಾಕಿದ ವಾರದಲ್ಲಿ ಮಸುಕಾದ ಪಾಸಿಟಿವ್ ಗೆರೆ ಬರಬಹುದು. ಹೃದಯದಲ್ಲಿ ಮೆಲ್ಲಗಿನ ಮರ್ಮರ್ (ಬಡಿತದ ನಡುವಿನ ಹೆಚ್ಚುವರಿ ಸದ್ದು) ಕೇಳಿದರೆ ತಕ್ಷಣ ಗಾಬರಿ ಬೇಡ. ಒಂದನೇ, ಎರಡನೇ ದರ್ಜೆಯವು ಮರಿಗಳಲ್ಲಿ ಸುಮಾರು 16 ವಾರಕ್ಕೆ ತಾನಾಗಿ ಹೋಗುತ್ತವೆ. ಮೂರನೇ ದರ್ಜೆ ಅಥವಾ ಅದಕ್ಕೂ ಮೇಲಿದ್ದರೆ, ಇಲ್ಲವೇ 16 ವಾರ ದಾಟಿಯೂ ಉಳಿದರೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ. ಆದರೆ ಮೊದಲ ದಿನದ ವರದಿಯಲ್ಲಿ ಅದು ದಾಖಲಾಗಿರಲೇಬೇಕು.

ವಯಸ್ಸಿನ ಲೆಕ್ಕ ಬ್ರೀಡರ್ ನಿಜ ಹೇಳುತ್ತಿದ್ದಾರೋ ಇಲ್ಲವೋ ಎಂಬುದನ್ನೂ ಹೊರಹಾಕುತ್ತದೆ. ಐರೋಪ್ಯ ಒಕ್ಕೂಟದ ನಿಯಮದಂತೆ ರೇಬಿಸ್ ಲಸಿಕೆ 12 ವಾರಕ್ಕೆ ಮುಂಚೆ ಲೆಕ್ಕಕ್ಕಿಲ್ಲ, ಆಮೇಲೆ 21 ದಿನ ಕಾಯಬೇಕು. ಒಟ್ಟು 15 ವಾರ. ಚಿಪ್ ಲಸಿಕೆಗೆ ಮೊದಲು ಅಥವಾ ಅದೇ ದಿನ ಹಾಕಿರಬೇಕು; ನಂತರ ಹಾಕಿದ್ದರೆ ಲಸಿಕೆ ಅಮಾನ್ಯ. ಪ್ರತಿಕಾಯ ಪರೀಕ್ಷೆ ಕೇಳುವ ಕಡೆ ಲಸಿಕೆಯಾದ 30 ದಿನದ ನಂತರ ರಕ್ತ ತೆಗೆದು 0.5 ಐಯು ಪ್ರತಿ ಮಿಲಿಲೀಟರ್ ತೋರಿಸಬೇಕು, ಅದರ ಮೇಲೂ ಕಾಯುವ ಅವಧಿ ಇರುತ್ತದೆ. ಅಮೆರಿಕದೊಳಕ್ಕೆ 2024ರ ಆಗಸ್ಟ್ 1ರಿಂದ ಆರು ತಿಂಗಳು ತುಂಬದ ನಾಯಿಗೆ ಪ್ರವೇಶವೇ ಇಲ್ಲ. ಮಾರಾಟಕ್ಕಾಗಿ ನಾಯಿ ತರಿಸುವುದನ್ನೇ ನಿಷೇಧಿಸಿರುವ ದೇಶಗಳೂ ಇವೆ, ಹಾಗಾಗಿ ಒಪ್ಪಂದ ತಿದ್ದುವ ಮೊದಲು ನಿಮ್ಮ ಆಮದು ನಿಯಮ ಓದಿಕೊಳ್ಳಿ. ರೇಬಿಸ್ ಲಸಿಕೆ ಬೇಡುವ ದೇಶಕ್ಕೆ "ಎಂಟು ವಾರದ ಮರಿ ಮುಂದಿನ ವಾರ ಕಳಿಸುತ್ತೇವೆ" ಎನ್ನುವವರು ಒಂದೋ ಕಾಗದದಲ್ಲಿ ವಯಸ್ಸು ತಿದ್ದುತ್ತಾರೆ, ಇಲ್ಲವೇ ಮರಿಯೇ ಇಲ್ಲ.

ಒಂದು ಕಹಿ ವಿಷಯ. ಗ್ಯಾರಂಟಿ ಅವಧಿಯಲ್ಲಿ ಮರಿ ಸತ್ತರೆ ಶವಪರೀಕ್ಷೆ ಇಲ್ಲದೆ ಯಾರೂ ಹಣ ಕೊಡುವುದಿಲ್ಲ. ದೇಹವನ್ನು ಫ್ರಿಜ್‌ನಲ್ಲಿ ತಂಪಾಗಿಡಿ, ಫ್ರೀಜರ್‌ಗೆ ಹಾಕಬೇಡಿ; ಹೆಪ್ಪುಗಟ್ಟಿದರೆ ಅಂಗಾಂಶ ಒಡೆದು ಸೂಕ್ಷ್ಮದರ್ಶಕದಲ್ಲಿ ಏನೂ ತಿಳಿಯುವುದಿಲ್ಲ.

---

ಚಿನ್ನರೋಮ

ಎಲ್ಲರಿಗೂ ವಂದನೆ. ಬ್ರೀಡರ್ ಮೂರನೆಯದಕ್ಕೆ ಒಪ್ಪಿದ್ದಾರೆ, 50%, ನಾಯಿ ವಾಪಸ್ ಇಲ್ಲದೆ. ಅವಧಿ 24 ತಿಂಗಳು, ಅದಕ್ಕಿಂತ ಮುಂದೆ ಬರುವುದಿಲ್ಲ ಎನ್ನುತ್ತಾರೆ. ತಂದೆ ನಾಯಿಗೆ ಈಗ 19 ತಿಂಗಳು. ಪ್ರಿಲಿಮಿನರಿಯನ್ನು ಎಷ್ಟು ನಂಬಬಹುದು? ಹಣ ಕೊಡುವ ಬಗೆಯೂ ತಿಳಿಸಿ.

---

ಮರಿಗಾವಲು

ಹಣದ್ದು ಮೊದಲು. ಬ್ಯಾಂಕ್ ವರ್ಗಾವಣೆ ಎಂದರೆ ಹೋದದ್ದು ಹೋಯಿತು. ಕ್ರೆಡಿಟ್ ಕಾರ್ಡ್ ಆದರೆ ಕಾರ್ಡ್ ಕೊಟ್ಟ ಬ್ಯಾಂಕಿನ ಮೂಲಕ ತಕರಾರು ಎತ್ತಬಹುದು. ಪೇಪಾಲ್‌ನಲ್ಲಿ "ಸ್ನೇಹಿತರು, ಕುಟುಂಬ" ಎಂಬ ಆಯ್ಕೆಯಲ್ಲಿ ಕಳಿಸಿ ಎಂದರೆ ಕಳಿಸಬೇಡಿ, ಅದಕ್ಕೆ ಖರೀದಿದಾರರ ರಕ್ಷಣೆ ಇಲ್ಲ. ಮುಂಗಡ 30% ಜಾಸ್ತಿಯಾಯಿತು. 10% ಈಗ, ಚಿಪ್ ಹಾಕಿ ರೇಬಿಸ್ ಲಸಿಕೆಯಾದ ದಾಖಲೆ ಬಂದಾಗ 40%, ರಫ್ತು ಆರೋಗ್ಯ ಪತ್ರಕ್ಕೆ ಸರ್ಕಾರಿ ಪಶುವೈದ್ಯರ ಮೊಹರು ಬಿದ್ದ ಮೇಲೆ ಉಳಿದದ್ದು, ಎಂದು ಹಂತ ಮಾಡಿ ಕೇಳಿ. ಇಷ್ಟಕ್ಕೆ ಒಪ್ಪುವ ಬ್ರೀಡರ್‌ಗಳು ಇದ್ದಾರೆ.

ಕೊನೆಯ ಕಂತಿಗೆ ಮುನ್ನ ವಿಡಿಯೊ ಕರೆ ಮಾಡಿ. ಮರಿ ತಾಯಿಯ ಜೊತೆ ಇರಬೇಕು, ಸ್ಕ್ಯಾನರ್ ಹೆಗಲ ಮೇಲೆ ಆಡಿಸಿದಾಗ ಪರದೆಯಲ್ಲಿ 15 ಅಂಕಿ ಕಾಣಬೇಕು, ಅದೇ ಸಂಖ್ಯೆ ಲಸಿಕೆ ಪುಸ್ತಕದಲ್ಲೂ ಒಪ್ಪಂದದಲ್ಲೂ ಇರಬೇಕು. ಅಮೆರಿಕದ ಹಳೆಯ 9-10 ಅಂಕಿಯ ಚಿಪ್‌ಗಳನ್ನು ಐಎಸ್‌ಒ ಮಾದರಿಯ 134.2 ಕಿಲೋಹರ್ಟ್ಸ್ ಸ್ಕ್ಯಾನರ್ ಓದದೇ ಇರಬಹುದು. ವಿಮಾನ ನಿಲ್ದಾಣದಲ್ಲಿ ಓದಲಿಲ್ಲವೆಂದರೆ ಅಷ್ಟೂ ಕಾಗದ ಕಸ. ಮರಿ ದಾರಿಯಲ್ಲಿರುವಾಗ "ಹವಾನಿಯಂತ್ರಿತ ಪೆಟ್ಟಿಗೆಗೆ ಠೇವಣಿ", "ಕ್ವಾರಂಟೈನ್ ವಿಮೆ" ಎಂದು ಹೊಸ ಹೆಸರಲ್ಲಿ ಹಣ ಕೇಳಿದರೆ ಅದು ಮೋಸದ ಮಾಮೂಲಿ ವರಸೆ.

ಮನೆಗೆ ಬಂದೊಡನೆ ವಿಮೆ ಮಾಡಿಸುವವರಿಗೆ ಒಂದು ಮಾತು: ಮೊದಲ ತಪಾಸಣೆಯಲ್ಲಿ ದಾಖಲಾದ ಯಾವುದೇ ದೋಷವನ್ನು ವಿಮೆ "ಮೊದಲೇ ಇದ್ದದ್ದು" ಎಂದು ತಳ್ಳಿಹಾಕುತ್ತದೆ. ಅದಕ್ಕೆ ಹೆದರಿ ತಪಾಸಣೆ ಬಿಟ್ಟರೆ ಬ್ರೀಡರ್ ಗ್ಯಾರಂಟಿ ಹೋಗುತ್ತದೆ. ತಪಾಸಣೆ ಮಾಡಿಸಿ.

---

ಕೀಲುಗಂಟು

ಪ್ರಿಲಿಮಿನರಿ ಗುಡ್ ಕಸವಲ್ಲ. 14 ತಿಂಗಳಿಗೆ ಗುಡ್ ಬಂದದ್ದು 24ಕ್ಕೆ ಫೇಲ್ ಆಗುವುದು ಕಡಿಮೆ. ಆದರೂ ಅಂತಿಮ ಪತ್ರವಿಲ್ಲದ ಗಂಡನ್ನು ತಳಿಗೆ ಬಳಸುವ ಆತುರ ಒಳ್ಳೆಯ ಲಕ್ಷಣವಲ್ಲ, ಅದರಲ್ಲೂ ಹೆಣ್ಣಿನದು ಬಿ ಇರುವಾಗ. ಎರಡೂ ಕಡೆ ಅನುಮಾನಕ್ಕೆ ಎಡೆಯಿರುವ ಜೋಡಿ ಇದು. ನನ್ನ ಮತ ಕೇಳಿದರೆ ಬೇರೆ ಸೂಲು ನೋಡಿ.

---

ಷರಾ_ಓದುಗ

ಅಷ್ಟು ಬಿಗಿ ಬೇಡ ಅನ್ನಿಸುತ್ತದೆ. ಬಿ-1 ಮತ್ತು ಗುಡ್ ಜೋಡಿಯನ್ನು ಎಷ್ಟೋ ತಳಿ ಸಂಘಗಳು ಒಪ್ಪುತ್ತವೆ. ಒಳದರ್ಜೆ ಬಿ-2 ಎಂದು ಪತ್ರ ಬಂದರೆ ಮಾತ್ರ ಕೀಲುಗಂಟು ಹೇಳಿದಂತೆ ಕೈಬಿಡಿ. ಬಿ-1 ಆದರೆ ಒಪ್ಪಂದಕ್ಕೆ ಈ ಸಾಲು ಸೇರಿಸಿ ಕಳಿಸಿ: "ಗಂಡಿನ ಅಂತಿಮ ಎಕ್ಸ್‌ರೇ 24 ತಿಂಗಳು ತುಂಬಿದ 60 ದಿನದೊಳಗೆ ಓಎಫ್‌ಎಗೆ ಸಲ್ಲಿಸಲಾಗುವುದು, ಅರ್ಜಿಯಲ್ಲಿ ಫಲಿತಾಂಶ ಏನೇ ಬಂದರೂ ಪ್ರಕಟಿಸಲು ಒಪ್ಪಿಗೆಯ ಸಹಿ ಇರುವುದು, ಬಾರ್ಡರ್‌ಲೈನ್ ಅಥವಾ ಕೆಳಗೆ ಬಂದರೆ ಈ ಮರಿಯ ಗ್ಯಾರಂಟಿ ಅವಧಿ 36 ತಿಂಗಳಾಗುವುದು." ತಮ್ಮ ಗಂಡಿನ ಮೇಲೆ ನಂಬಿಕೆ ಇರುವವರಿಗೆ ಇದರಿಂದ ಕಳೆದುಕೊಳ್ಳುವುದು ಏನೂ ಇಲ್ಲ. ಅವಧಿ 24ಕ್ಕೇ ನಿಂತರೆ "24 ತಿಂಗಳೊಳಗೆ ವರದಿ" ಎಂಬ ಪದ ತೆಗೆಸಿ "24 ತಿಂಗಳು ತುಂಬಿದ ಮೇಲೆ 45 ದಿನದೊಳಗೆ ತೆಗೆದ ಎಕ್ಸ್‌ರೇ" ಎಂದು ಮಾಡಿಸಿ. ಹೆಸರಿಗೆ 24 ಅವರದ್ದೇ ಉಳಿಯುತ್ತದೆ, ಪರೀಕ್ಷೆಗೆ ಬೇಕಾದ ದಿನ ನಿಮಗೆ ಸಿಗುತ್ತದೆ.